ಉರಿಮೂತಿಯನ್ನು ಮೊದಲೇ ಇಳಿಸುವುದೋ ಕೊನೆಗೋ

ಲಾಂಡ್ರಿಯ ಮಹಡಿ, ಕಿಟಕಿ ಪಕ್ಕದ ಮೇಜು
ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಡ್ರೈವರಮ್ಮಾ,

ಹೇಗಿದ್ದೀಯ? ಹಾಸ್ಟೆಲಿನ ಊಟ ಈಗಲಾದರೂ ನಾಲಿಗೆಗೆ ಒಗ್ಗಿತೇ, ಇಲ್ಲಾ ಇನ್ನೂ ಬ್ರೆಡ್ಡಿನಲ್ಲೇ ದಿನ ದೂಡುತ್ತಿದ್ದೀಯೋ? ಕ್ರೇನಿನ ಏಣಿ ಹತ್ತಿ ಇಳಿದು ಮೊಣಕಾಲು ಹಿಡಿದುಕೊಂಡಿದೆ ಎಂದಿದ್ದೆ. ನಾನು ಕಳಿಸಿದ ಬಿಸಿನೀರಿನ ಚೀಲ ಕಾಲಿಗೆ ಇಟ್ಟುಕೊಳ್ಳುವುದಕ್ಕೆ, ಬೀರುವಿನಲ್ಲಿಟ್ಟು ನಮ್ಮತ್ತೆ ಎಷ್ಟು ಒಳ್ಳೆಯವರು ಎಂದು ಗೆಳತಿಯರಿಗೆ ತೋರಿಸುವುದಕ್ಕಲ್ಲ. (ತೋರಿಸಿದರೆ ಬೇಡವೆನ್ನುವುದೂ ಇಲ್ಲ.) ನಾನು ಚೆನ್ನಾಗಿದ್ದೇನೆ, ಬಲಗೈ ಹೆಬ್ಬೆರಳೊಂದನ್ನು ಬಿಟ್ಟು. ಮೊನ್ನೆ ಅದು ಊದಿಕೊಂಡು ಡಾಕ್ಟರ ಹತ್ತಿರ ಹೋಗಬೇಕಾಯಿತು. "ಏನಮ್ಮಾ, ಈ ವಯಸ್ಸಲ್ಲಿ ಹೆಬ್ಬೆರಳಿಗೆ ಅಂಥದ್ದೇನು ಕೆಲಸ ಕೊಟ್ರಿ?" ಅಂದರು. "ಬೆಂಕಿ ಉಗುಳಿಸೋ ಕೆಲಸ ಡಾಕ್ಟ್ರೇ" ಅಂದೆ. ಅವರು ನನ್ನನ್ನು ಬಿಟ್ಟು ನಿನ್ನ ಗಂಡನ ಮುಖ ನೋಡಿದರು. ಅವನು ಬಹಳ ಸಮಾಧಾನದಿಂದ, "ತಲೆಗೇನೂ ಆಗಿಲ್ಲ ಡಾಕ್ಟ್ರೇ, ಅಮ್ಮ ಸೆಮಿಫೈನಲ್ ಗೆದ್ದಿದಾರೆ" ಅಂದ. ಮುಲಾಮು ಬರೆದುಕೊಟ್ಟು ಆಟ ಬಿಡಿ ಎಂದರು. ಮುಲಾಮು ಹಚ್ಚುತ್ತಿದ್ದೇನೆ.

ಹೌದು, ಗೆದ್ದೆವು. ಫೋನಿನಲ್ಲಿ ಅಷ್ಟು ಮಾತ್ರ ಹೇಳಿದ್ದೆ, ಹೇಗೆ ಗೆದ್ದೆವೆಂದು ಹೇಳುವ ಮೊದಲೇ ನೀನು, "ಹಾಗಾದ್ರೆ ಫೈನಲ್‌ಗೆ ನಾನು ಬಂದೇ ಬರ್ತೀನಿ ಅತ್ತೆ, ಬೇಕರಿ ಅಕ್ಕತಂಗೀರನ್ನ ಬಿಡೋದುಂಟಾ?" ಎಂದು ಕೂಗಿಬಿಟ್ಟೆ. ನೀನು ಹೇಳಿದ್ದರಲ್ಲಿ ನ್ಯಾಯವಿದೆ. ಜುಟ್ಟಣ್ಣನ ಗೇಮ್ ಸೆಂಟರಿನ ನಿಯಮವೇ ಹಾಗಿದೆ: ಲೀಗ್ ಸುತ್ತುಗಳಲ್ಲಿ ಒಬ್ಬರು ಊರಲ್ಲಿಲ್ಲದಿದ್ದರೆ ಬದಲಿ ಆಟಗಾರ ಕೂರಬಹುದು, ಫೈನಲ್‌ನಲ್ಲಿ ಮಾತ್ರ ಹೆಸರು ಬರೆಸಿದ ಜೋಡಿಯೇ ಕೂರಬೇಕು. ಹೆಸರು ಬರೆಸಿದ್ದು ಅತ್ತೆ, ಸೊಸೆ. ಫೈನಲ್ ಇರುವುದು ಭಾನುವಾರ, ನಿನ್ನ ಕ್ರೇನ್ ಪರೀಕ್ಷೆ ಇರುವುದೂ ಅದೇ ಭಾನುವಾರ. ಪರೀಕ್ಷೆ ತಪ್ಪಿದರೆ ಕೋರ್ಸು ಮತ್ತೆ ಮೊದಲಿನಿಂದ, ಅದೂ ಸೀಟು ಉಳಿದಿದ್ದರೆ. ಇದು ಚಿಕ್ಕ ಮಾತಲ್ಲ, ಹಾಗಾಗಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಿನ್ನ ಗಂಡ ಪಕ್ಕದಲ್ಲಿ ಕಿವಿಯಿಟ್ಟು ನಿಂತು ನಡುನಡುವೆ "ಏನಂತೆ? ಏನಂತೆ?" ಎನ್ನುತ್ತಾನೆ, ನನಗೆ ಲೆಕ್ಕ ತಪ್ಪುತ್ತದೆ. ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬಿಡಿಸಿ ಹೇಳಿದರೆ ಬೇಸರಪಡಬೇಡ. ನಿನ್ನ ಗಂಡನಿಗೆ ವಿವರಿಸಿ ವಿವರಿಸಿ ನನಗೆ ಅದೇ ಅಭ್ಯಾಸವಾಗಿಬಿಟ್ಟಿದೆ.

ನೀನು ಮದುವೆಯಾಗಿ ಬಂದಾಗ ಸೀರೆ ಬಟ್ಟೆಗಿಂತ ಮೊದಲು ಆ ಆಟದ ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿದವಳು. ನಾನು ನೋಡುತ್ತಾ ಕೂತೆ. ಒಂದೇ ಇಸ್ತ್ರಿಪೆಟ್ಟಿಗೆಯಿಂದ ಶುರುಮಾಡಿ ಬಾಯಿಂದಲೇ ಗಿರಾಕಿ ಹಿಡಿದು ಈ ಲಾಂಡ್ರಿ ಕಟ್ಟಿದವಳು ನಾನು. ಹೊಸಬರು ಬಂದಾಗ ಮೊದಲು ನೋಡಬೇಕು, ಆಮೇಲೆ ಮಾತಾಡಬೇಕು ಎಂಬುದು ನನಗೆ ಗೊತ್ತು. ನೋಡುತ್ತಾ ನೋಡುತ್ತಾ ನನಗೇ ಆಸೆ ಹುಟ್ಟಿತು, ಅದು ಬೇರೆ ಮಾತು. ಕಾದಾಡಿಸಲು ಆ ಆಟದಲ್ಲಿರುವ ಅಷ್ಟೊಂದು ಪ್ರಾಣಿಗಳಲ್ಲಿ ನಾನು ಉರಿಮೂತಿಯನ್ನೇ ಆರಿಸಿದಾಗ ನೀನು ನಕ್ಕಿದ್ದೆ. ಹಂದಿಯ ಮೂತಿ, ಹಲ್ಲಿಯ ಮೈ, ಬಾಲದ ತುದಿಯಲ್ಲಿ ಬೆಂಕಿ, ಮುಖದಲ್ಲಿ ಸದಾ ಯಾರೋ ಬೈದಂಥ ಸಿಟ್ಟು. "ಅತ್ತೆ, ಇದು ಓಡೋದ್ರಲ್ಲಿ ಎಲ್ಲಕ್ಕಿಂತ ಮುಂದು, ಆದ್ರೆ ಚರ್ಮ ಮಾತ್ರ ಹಪ್ಪಳ. ಎರಡೇಟು ನೀರು ಬಿದ್ರೆ ಹೋಯ್ತು" ಎಂದಿದ್ದೆ. ನಮ್ಮಿಬ್ಬರ ಮೊದಲ ವಾದವೂ ಅದರ ಮೇಲೆಯೇ. ನೀನು ಉರಿಮೂತಿಯನ್ನು ಅಖಾಡಕ್ಕೆ ಮೊದಲು ಇಳಿಸಬೇಕು ಅಂದೆ, ನಾನು ಕೊನೆಗೆ ಅಂದೆ. ನನಗೆ ಇಸ್ತ್ರಿಯ ಬುದ್ಧಿ. ಪೆಟ್ಟಿಗೆ ಬೆಚ್ಚಗಿರುವಾಗ ರೇಷ್ಮೆ, ಪೂರ್ತಿ ಕಾದ ಮೇಲೆ ಹತ್ತಿ. ಕಾದ ಪೆಟ್ಟಿಗೆ ಬೇಗ ಆರುವುದಿಲ್ಲವಲ್ಲ, ಹಾಗಾಗಿ ಅತಿ ಬಿಸಿಯ ಕೆಲಸವನ್ನು ಯಾವ ಇಸ್ತ್ರಿಯವಳೂ ಮೊದಲು ಎತ್ತಿಕೊಳ್ಳುವುದಿಲ್ಲ. ಆ ಲೆಕ್ಕದಲ್ಲಿ ಮೆತ್ತಗಿನ ಪ್ರಾಣಿಗಳನ್ನು ಮುಂದೆ ಬಿಟ್ಟು, ಬೆಂಕಿಯವನನ್ನು ಹಿಂದೆ ಜೋಪಾನವಾಗಿ ಇಟ್ಟುಕೊಂಡು, ಕಳೆದ ವರ್ಷ ಬೇಕರಿಯವರ ಎದುರು ನಾವು ಹೇಗೆ ಸೋತೆವೆಂಬುದು ನಿನಗೂ ನೆನಪಿದೆ. ಉರಿಮೂತಿ ಅಖಾಡಕ್ಕಿಳಿಯುವ ಹೊತ್ತಿಗೆ ನೆಲದ ತುಂಬ ಅವರು ಚೂಪುಗಲ್ಲು ಹರಡಿ ಆಗಿತ್ತು. ಕಾಲಿಡುತ್ತಲೇ ಅರ್ಧ ಜೀವ ಹೋಯಿತು. ಮನೆಗೆ ಬರುವ ದಾರಿಯಲ್ಲಿ ನೀನು ನನ್ನನ್ನು ದೂರದೆ ವ್ಯಾನ್ ಓಡಿಸುತ್ತಾ ಸಿಳ್ಳೆ ಹಾಕಿದೆ. ಆವತ್ತೇ ನನಗೆ ನೀನು ಇಷ್ಟವಾದದ್ದು, ಈಗ ಹೇಳುತ್ತಿದ್ದೇನೆ.

ಈ ವರ್ಷ ನಿನ್ನ ಜಾಗದಲ್ಲಿ ನಿನ್ನ ಗಂಡ ಕೂತ. ಮೊದಲ ಪಂದ್ಯದ ಕಥೆ ಕೇಳು. ಉರಿಮೂತಿಯ ದೊಡ್ಡ ಅಸ್ತ್ರ ಕೆಂಡದ ಬಿರುಗಾಳಿ, ಅದು ಬೀಸಿದರೆ ತನ್ನವರು ಪರರು ಎಂದು ನೋಡುವುದಿಲ್ಲ, ಅಖಾಡದಲ್ಲಿರುವ ಎಲ್ಲರನ್ನೂ ಸುಡುತ್ತದೆ. ಹಾಗಾಗಿ ನಾನು ಬೀಸುವ ಸರದಿಯಲ್ಲೇ ಜೊತೆಗಾರ ಕವಚದ ಗುಂಡಿ ಒತ್ತಿ ತನ್ನ ಪ್ರಾಣಿಯನ್ನು ಮುಚ್ಚಿಕೊಳ್ಳಬೇಕು. ಸರದಿ ಶುರುವಾದ ಮೇಲೆ ಜೋಡಿಗಳು ಮಾತಾಡುವಂತಿಲ್ಲ, ಕಣ್ಸನ್ನೆಯೂ ಇಲ್ಲ. ನಾನು ಯಾವಾಗ ಬೀಸುತ್ತೇನೆಂದು ನಿನಗೆ ನನ್ನ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಇವನಿಗೆ? ಹೆತ್ತ ಮಗ, ಇಷ್ಟು ವರ್ಷ ನನ್ನ ಮುಖ ನೋಡಿದವನು, ಮೊದಲ ಸರದಿಯಲ್ಲೇ ಕವಚ ಮರೆತು ತನ್ನ ಪ್ರಾಣಿಯನ್ನು ನನ್ನ ಬೆಂಕಿಯಲ್ಲಿ ಹುರಿದು ಹಾಕಿಸಿಕೊಂಡ. "ಅಮ್ಮಾ! ನಾನು ನಿನ್ನ ಕಡೆಯವನು!" ಎಂದು ಇಡೀ ಸೆಂಟರಿಗೆ ಕೇಳುವಂತೆ ಚೀರಿದ. ಮುಂದಿನ ಪಂದ್ಯದಲ್ಲಿ ಹೆದರಿ ಪ್ರತಿ ಸರದಿಗೂ ಕವಚ ಒತ್ತತೊಡಗಿದ. ಕವಚ ಒಂದರ ಹಿಂದೆ ಒಂದು ಹಾಕಿದರೆ ಎರಡನೆಯದು ಬಹುಪಾಲು ಒಡೆಯುತ್ತದೆ, ಅದು ಎದುರಾಳಿಗೂ ಗೊತ್ತು. ಅವರು ಕಾದಿದ್ದು ಹೊಡೆದರು. ಆದರೂ ಹೇಗೋ ತಿಣುಕಿ ಗೆದ್ದೆವು. ಜುಟ್ಟಣ್ಣ, "ಅಮ್ಮಾ, ಎದುರಿನವರನ್ನ ಸುಡೋದಕ್ಕಿಂತ ಮಗನನ್ನ ಸುಟ್ಟಿದ್ದೇ ಜಾಸ್ತಿ" ಅಂದ. "ಮನೆಯಲ್ಲಿ ಆಗದೇ ಇರೋದನ್ನ ಇಲ್ಲಿ ತೀರಿಸ್ಕೋತಿದೀನಿ" ಅಂದೆ.

ಈಗ ಮುಖ್ಯ ವಿಷಯ. ನಮ್ಮ ತಂಡದ ಕೆಳಗಿನ ಸಾಲಿನಲ್ಲಿ ನೀನು ಎಂದೋ ಹಿಡಿದು ಮರೆತ ಒಂದು ಮಣ್ಣುಂಡೆ ಇದೆಯಲ್ಲ, ಜೇಡಿಮಣ್ಣಿನ ಹುಳ, ಯಾರೂ ಆಡಿಸದ ಬಡಪಾಯಿ? ಒಂದು ಪಂದ್ಯದಲ್ಲಿ ನಿನ್ನ ಗಂಡ ಗುಂಡಿ ತಪ್ಪಿ ಒತ್ತಿ ಅದನ್ನು ಇಳಿಸಿಬಿಟ್ಟ. ಇಳಿಸಿದವನಿಗೆ ಗಾಬರಿ, ಕವಚವೂ ಮರೆತ. ನಾನು ಆಗಲೇ ಬಿರುಗಾಳಿ ಒತ್ತಿಯಾಗಿತ್ತು. ಇನ್ನೇನು ಅದರ ಕಥೆ ಮುಗಿಯಿತು ಎಂದುಕೊಂಡರೆ, ಬೆಂಕಿ ಇಳಿದ ಮೇಲೆ ಹುಳ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಟಣ್ ಎಂದು ನಿಂತಿದೆ! ಸುಟ್ಟಾಗ ಅದರ ಜೀವ ಕಾಲುಭಾಗ ಹೋಗುತ್ತದೆ ನಿಜ, ಆದರೆ ಮೈ ಗಟ್ಟಿಯಾಗಿ ಆಮೇಲೆ ಬಿದ್ದ ಏಟೆಲ್ಲ ಅರ್ಧಕ್ಕೆ ಇಳಿಯುತ್ತದೆ. ನೀರು ಬಿದ್ದರೂ ಕರಗುವುದಿಲ್ಲ. ನಿನ್ನ ಗಂಡ ನನ್ನ ಕಡೆ ತಿರುಗಿ, ಮೊದಲೇ ಯೋಚಿಸಿ ಮಾಡಿದವನಂತೆ ಹುಬ್ಬು ಹಾರಿಸಿದ. ಮನೆಗೆ ಬಂದು ಹಲವು ಸಲ ಆಡಿ ನೋಡಿದೆವು. ಒಂದೇ ಒಂದು ತೊಡಕು: ಸುಟ್ಟ ಹುಳವನ್ನು ಅಖಾಡದಿಂದ ಒಳಗೆ ಕರೆಸಿಕೊಂಡರೆ ಆ ಗಟ್ಟಿತನ ಹೋಗುತ್ತದೆ, ಮತ್ತೆ ಹಸಿಮಣ್ಣು. ಸುಟ್ಟ ಮೇಲೆ ಅದು ಹೊರಗೇ ನಿಲ್ಲಬೇಕು. ಇದನ್ನು ನಿನ್ನ ಗಂಡನ ತಲೆಗೆ ಇಳಿಸುವುದೇ ಕಷ್ಟವಾಯಿತು. ಹುಳಕ್ಕೆ ನಾಲ್ಕು ಏಟು ಬಿದ್ದರೆ ಸಾಕು, "ಪಾಪ ಅಮ್ಮಾ, ಒಳಗೆ ಕರೀತೀನಿ" ಎನ್ನುತ್ತಾನೆ. ಕರೆದು ಕರೆದು ಅದನ್ನು ಮೆತ್ತಗೆ ಮಾಡಿ ಸಾಯಿಸುತ್ತಾನೆ. ಅವನ ಸ್ವಭಾವವೇ ಹಾಗಲ್ಲವೇ, ಗಿರಾಕಿ ಒಂದು ಮಾತು ಜೋರಾಗಿ ಅಂದರೆ ಹುಡುಗಿಯರನ್ನು ಕೌಂಟರಿನಿಂದ ಒಳಗೆ ಕಳಿಸಿ ತಾನೇ ಹೋಗಿ ಬೈಸಿಕೊಳ್ಳುತ್ತಾನೆ.

ಸೆಮಿಫೈನಲ್ ಕನ್ನಡಕದಂಗಡಿಯ ಅಣ್ಣತಮ್ಮಂದಿರ ಮೇಲೆ. ಅವರದು ನೀರಿನ ಜೋಡಿ. ಅಣ್ಣನ ಆಮೆ ಮಳೆ ಕರೆಯುತ್ತದೆ, ಮಳೆ ಸುರಿಯುವಷ್ಟು ಹೊತ್ತು ನಮ್ಮ ಬೆಂಕಿ ಅರ್ಧ, ಅವರ ನೀರು ಒಂದೂವರೆಪಟ್ಟು. ನೋಡಿದವರೆಲ್ಲ, ಪಾಪ ಲಾಂಡ್ರಿಯಮ್ಮನ ಆಟ ಇವತ್ತಿಗೆ ಮುಗೀತು ಅಂದರು. ತಮ್ಮನಾದವನು ಬಂದು, "ಆಂಟಿ, ಒಗೆದ ಬಟ್ಟೆ ಮೊದಲು ಒಳಗೆ ತಗೊಂಡು ಬನ್ನಿ, ಮಳೆ ಬರ್ತಿದೆ" ಎಂದು ಹಲ್ಲು ಕಿರಿದ. ನಾನು, "ಹೌದಪ್ಪಾ, ನಿನ್ನ ಕನ್ನಡಕಕ್ಕೂ ವೈಪರ್ ಹಾಕಿಸ್ಕೋ" ಅಂದೆ. ಹಿಂದಿನ ದಿನವೆಲ್ಲ ನಾನು ಒಂದೇ ವಿಷಯ ತೂಗಿ ನೋಡಿದ್ದೆ. ಅವರ ಆಮೆ ನಿಧಾನ, ನಮ್ಮ ಉರಿಮೂತಿ ವೇಗ. ಅಂದರೆ ಮೊದಲ ಸರದಿಯಲ್ಲಿ ಮಳೆ ಬೀಳುವ ಮುಂಚೆ ನನಗೊಂದು ಒಣ ಗಳಿಗೆ ಸಿಗುತ್ತದೆ. ಆ ಗಳಿಗೆಯಲ್ಲಿ ಎದುರಿನವರಿಗೆ ಎಷ್ಟು ಪೆಟ್ಟಾಗುತ್ತದೆ ಎಂಬ ಆಸೆ ಬಿಟ್ಟೆ. ನಮ್ಮ ಹುಳವನ್ನು ಸುಡುವುದಕ್ಕೇ ಆ ಬೆಂಕಿ ಎಂದುಕೊಂಡೆ. ಹಾಗೇ ಮಾಡಿದೆವು. ಉರಿಮೂತಿ ಮೊದಲು, ಪಕ್ಕದಲ್ಲಿ ಮಣ್ಣುಂಡೆ, ಗಂಟೆ ಹೊಡೆದ ತಕ್ಷಣ ಬಿರುಗಾಳಿ. ಹುಳ ಇಟ್ಟಿಗೆಯಾಯಿತು, ಆಮೇಲೆ ಮಳೆ ಬಿತ್ತು. ಮರು ಸರದಿಗೇ ಉರಿಮೂತಿಯನ್ನು ಒಳಗೆ ಕರೆದು ಬೇರೆಯವರನ್ನು ಬಿಟ್ಟೆ. ಮಳೆ ನಿಲ್ಲುವವರೆಗೆ ಅವನಿಗೆ ಹೊರಗೆ ಕೆಲಸವಿಲ್ಲ. ಅಂದರೆ ಡ್ರೈವರಮ್ಮಾ, ಮೊದಲು ಎಂಬ ನಿನ್ನ ಮಾತೂ ಸರಿ, ಕೊನೆಗೆ ಎಂಬ ನನ್ನ ಮಾತೂ ಸರಿ. ಮೊದಲೊಂದು ಸಲ ಇಳಿಸಬೇಕು, ಕೊನೆಗೊಂದು ಸಲ ಇಳಿಸಬೇಕು. ನಡುವೆ ತಡೆದುಕೊಳ್ಳುವುದು ಪಕ್ಕದವನ ಕೆಲಸ.

ತಡೆದುಕೊಂಡಿತು ಆ ಹುಳ, ಅಬ್ಬಬ್ಬಾ! ಇಬ್ಬರೂ ಸೇರಿ ಅದರ ಮೇಲೆ ನೀರೋ ನೀರು. ಜೀವದ ಗೆರೆ ಹಸಿರಿನಿಂದ ಹಳದಿ, ಹಳದಿಯಿಂದ ಕೆಂಪು. ನಿನ್ನ ಗಂಡನ ಬೆರಳು ಒಳಗೆ ಕರೆಯುವ ಗುಂಡಿಯತ್ತ ಸರಿಯುತ್ತಿರುವುದು ನನ್ನ ಓರೆಗಣ್ಣಿಗೆ ಕಾಣುತ್ತಿತ್ತು. ಬಾಯಿ ಬಿಡುವಂತಿಲ್ಲ. ಮಳೆಯ ಕೊನೆಯ ಸರದಿ. ಹುಳ ನಿಂತರೆ ಮುಂದಿನ ಸರದಿ ಒಣ, ಉರಿಮೂತಿಗೆ ಇಬ್ಬರೂ ಸಿಗುತ್ತಾರೆ. ಇವನು ಪಾಪ ಎಂದು ಒಳಗೆ ಕರೆದರೆ ಎಲ್ಲಾ ಹಾಳು. ನಾನು ಕಣ್ಣು ಮುಚ್ಚಿಕೊಂಡೆ. ಟಣ್ ಎಂದಿತು. ಕಣ್ಣು ಬಿಟ್ಟರೆ ಹುಳ ಕೂದಲೆಳೆಯಷ್ಟು ಜೀವ ಹಿಡಿದು ಅಲ್ಲೇ ನಿಂತಿದೆ, ನಿನ್ನ ಗಂಡ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದಾನೆ, ಎಲ್ಲಿ ತಪ್ಪಿ ಕರೆದುಬಿಡುತ್ತೇನೋ ಎಂದು! ಮಳೆ ನಿಂತಿತು. ಉರಿಮೂತಿ ಇಳಿದ, ಬೀಸಿದ, ನಿನ್ನ ಗಂಡ ಈ ಸಲ ಮರೆಯದೆ ಹುಳಕ್ಕೆ ಕವಚ ಒತ್ತಿದ್ದ, ಆಮೆಯೂ ಹೋಯಿತು ಅದರ ಜೊತೆಗಾರನೂ ಹೋದ. ಕನ್ನಡಕದ ತಮ್ಮ ಎದ್ದು ಬಂದು ಕೈಕುಲುಕಿ, "ಆಂಟಿ, ಆ ಹುಳ ಎಲ್ಲಿ ಸಿಗತ್ತೆ?" ಅಂದ. "ನಮ್ಮ ಸೊಸೆ ತಂದಿದ್ದು" ಅಂದೆ. ಹೊರಗೆ ಬಂದ ಮೇಲೆ ನಿನ್ನ ಗಂಡ ಗೋಡೆಗೊರಗಿ ನಿಂತು ನೀರು ಕುಡಿದು, "ಅಮ್ಮಾ, ಇನ್ನೊಂದು ಸಲ ಇಂಥದ್ದು ನನ್ನ ಕೈಲಿ ಮಾಡಿಸ್ಬೇಡ" ಎಂದ. ಮಾಡಿಸುತ್ತೇನೆ, ಅವನಿಗೆ ಹೇಳಬೇಡ.

ಇನ್ನು ನೀನು ಬರುವ ಮಾತು. ನಾನು ನಾಲ್ಕು ಜನರೊಡನೆ ಮಾತಾಡಿ ಬದುಕಿದವಳು, ಗಿರಾಕಿ ಬೆಲೆ ಜಾಸ್ತಿ ಎಂದರೆ ಬೆಲೆಗೆ ಅನ್ನುತ್ತಿದ್ದಾನೋ ಬೇರೇನಕ್ಕೋ ಎಂದು ನನಗೆ ತಿಳಿಯುತ್ತದೆ. ನಿನಗೆ ಕಪ್, ಟ್ರೋಫಿ ಯಾವುದರ ಹುಚ್ಚೂ ಇಲ್ಲ. ಕಳೆದ ವರ್ಷ ಸೋತಾಗ ಸಿಳ್ಳೆ ಹಾಕಿದವಳು ಈ ವರ್ಷ ಬೇಕರಿಯವರನ್ನು ಬಿಡುವುದುಂಟೇ ಎಂದು ಕೂಗಿದರೆ ನಾನು ನಂಬಬೇಕೇ? ನಿನ್ನ ಗಂಡನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ನೀನು ನಿಜವಾದ ಕಾರಣವನ್ನು ಅವನಿಗೆ ಹೇಳಿದೆ. ಅವನು ಒಂದು ಲೋಟ ಟೀ ಮುಗಿಯುವುದರೊಳಗೆ ನನಗೆ ಹೇಳಿದ. ಕಲಿಯುವಾಗ ನೀನು ಕ್ರೇನಿನಲ್ಲಿ ಮೇಲೆತ್ತಿದ ಭಾರದ ಪೆಟ್ಟಿಗೆ ಗಾಳಿಗೆ ಓಲಾಡಿ ತಡೆಗೋಡೆಗೆ ಬಡಿಯಿತಂತೆ, ಯಾರಿಗೂ ಏನೂ ಆಗಲಿಲ್ಲವಂತೆ, ಆದರೆ ನಿಮ್ಮ ಮೇಷ್ಟ್ರು ಎಲ್ಲರೆದುರು, "ವ್ಯಾನ್ ಓಡಿಸಿದೋರೆಲ್ಲ ಕ್ರೇನ್ ಓಡಿಸೋಕಾಗಲ್ಲ" ಅಂದರಂತೆ. ಅಂದಿನಿಂದ ಏಣಿಯ ಬುಡಕ್ಕೆ ಹೋದರೆ ನಿನ್ನ ಅಂಗೈ ಬೆವರುತ್ತದಂತೆ. ಇದಕ್ಕೆ ನಾನು ಸಮಾಧಾನದ ಮಾತು ಹೇಳುವುದಿಲ್ಲ. ಅಷ್ಟು ಎತ್ತರದಲ್ಲಿ ಅಷ್ಟು ಭಾರ ಕೈಯಲ್ಲಿರುವಾಗ ಬೆವರದಿದ್ದರೇ ಭಯಪಡಬೇಕು. ಆದರೆ ಒಂದು ಮಾತು. ನೀನು ಮೊದಲ ಸಲ ನಮ್ಮ ಓಣಿಯಲ್ಲಿ ವ್ಯಾನ್ ಹಿಂದಕ್ಕೆ ತೆಗೆದ ದಿನ ಅಕ್ಕಪಕ್ಕದವರೆಲ್ಲ ನಿಂತು ಬಲಕ್ಕೆ ಎಡಕ್ಕೆ ಎಂದು ಕೂಗುತ್ತಿದ್ದರು, ನೀನು ಗೋಡೆಗೆ ತಾಗಿಸಿದೆ. ಆಗ ಕೆಳಗಿಳಿದು, "ದಯವಿಟ್ಟು ಎಲ್ಲರೂ ಒಳಗೆ ಹೋಗಿ, ಅತ್ತೆ ನೀವೂ" ಅಂದೆ. ಹೋದೆವು. ಹೊರಬಂದು ನೋಡಿದರೆ ವ್ಯಾನ್ ಓಣಿಯೊಳಗೆ ಪೆಟ್ಟಿಗೆಯಲ್ಲಿ ಸಾಬೂನು ಇಟ್ಟ ಹಾಗೆ ಕೂತಿತ್ತು. ನಿನ್ನ ಕೈಯಲ್ಲಿ ಯಾವ ಕೊರತೆಯೂ ಇಲ್ಲ, ನೋಡುವ ಕಣ್ಣುಗಳು ನಿನಗೆ ಆಗುವುದಿಲ್ಲ ಅಷ್ಟೇ. ಕ್ರೇನಿನ ಕ್ಯಾಬಿನ್ನಿನಲ್ಲಿ ಒಬ್ಬರ ಹೊರತು ಇನ್ನೊಬ್ಬರಿಗೆ ಜಾಗವಿಲ್ಲ ಎಂದು ನೀನೇ ಹೇಳಿದ್ದೆ. ಹಾಗಾದರೆ ಈ ಭೂಮಿಯ ಮೇಲೆ ನಿನಗೆಂದೇ ಮಾಡಿದ ಕೆಲಸ ಯಾವುದು, ನೀನೇ ಹೇಳು.

ಇಷ್ಟು ಹೇಳಿ ನಿರ್ಧಾರ ನಿನಗೇ ಬಿಡುತ್ತೇನೆ ಎಂದು ಬರೆಯಬೇಕು, ಒಳ್ಳೆಯ ಅತ್ತೆಯರು ಹಾಗೇ ಬರೆಯುತ್ತಾರೆ. ಹೊತ್ತಾಯಿತು, ಕೆಳಗೆ ಹೋಟೆಲಿನವರ ಹಾಸುಬಟ್ಟೆಗಳು ಬಂದು ಬಿದ್ದಿವೆ. ವ್ಯಾನಿಗೆ ಇಟ್ಟ ಹೊಸ ಡ್ರೈವರು ಓಣಿಯೊಳಗೆ ತರಲಾಗದೆ ರಸ್ತೆಯಲ್ಲೇ ನಿಲ್ಲಿಸಿ ಗಂಟು ಹೊತ್ತು ತರುತ್ತಾನೆ. ಅವನ ಬೆನ್ನು ನೋಡಿದರೆ ನನಗೆ ನೀನು ನೆನಪಾಗುತ್ತೀಯ. ಬಿಸಿಬಿಸಿ ಊಟ ಸಿಗಲಿ, ಚೆನ್ನಾಗಿ ನಿದ್ದೆ ಬರಲಿ, ಭಾನುವಾರ ಗಾಳಿ ನಿನ್ನ ಮಾತು ಕೇಳಲಿ. ನಿನ್ನ ಕೋಣೆಯ ಗೆಳತಿಯರಿಗೆಲ್ಲ ನನ್ನ ನೆನಪು ತಿಳಿಸು. ಮೇಷ್ಟ್ರಿಗೂ ತಿಳಿಸು, ಅವರ ಅಂಗಿಯ ಕಾಲರಿಗೆ ಇಸ್ತ್ರಿ ಇರುವುದಿಲ್ಲ ಎಂದಿದ್ದೆಯಲ್ಲ, ಪರೀಕ್ಷೆ ಮುಗಿದ ಮೇಲೆ ಕಳಿಸಿಕೊಡಲಿ.

ನಿನ್ನ ಪ್ರೀತಿಯ,
ಅತ್ತೆ

ಮರೆತೆ: ನಿರ್ಧಾರ ನಿನಗೆ ಬಿಟ್ಟಿಲ್ಲ. ಬೆಳಿಗ್ಗೆಯೇ ಜುಟ್ಟಣ್ಣನ ಹತ್ತಿರ ಹೋಗಿ ನಿನ್ನ ಹೆಸರು ತೆಗೆಸಿ ನಿನ್ನ ಗಂಡನ ಹೆಸರು ಹಾಕಿಸಿ ಬಂದೆ. ಜೋಡಿ ಮುರಿದಿದೆ ಎಂದರೆ ಮಾತ್ರ ಹೆಸರು ಬದಲಿಸಲು ಆಗುತ್ತದೆ, ಮುರಿದ ಜೋಡಿ ಮುಂದಿನ ವರ್ಷವಿಡೀ ಒಟ್ಟಿಗೆ ಆಡುವಂತಿಲ್ಲ. ಗೊತ್ತಿದ್ದೇ ಹಾಕಿಸಿದೆ. ಫೋನಿನಲ್ಲಿ ಹೇಳಿದ್ದರೆ ನೀನು ಅಳುತ್ತಿದ್ದೆ, ನಾನು ಸೋಲುತ್ತಿದ್ದೆ. ಭಾನುವಾರ ನೀನು ಇಲ್ಲಿಗೆ ಬಂದರೆ ನಿನಗೆ ಕುರ್ಚಿ ಇಲ್ಲ. "ಯಾಕಮ್ಮಾ, ಸೊಸೆ ಜೊತೆ ಜಗಳವಾ?" ಎಂದು ಜುಟ್ಟಣ್ಣ ಎಲ್ಲರೆದುರು ಕೇಳಿದ. ಹೌದು, ದೊಡ್ಡ ಜಗಳ ಅಂದೆ. ಯಾರಾದರೂ ನಿನ್ನನ್ನು ಕೇಳಿದರೆ ನೀನೂ ಹೌದೆನ್ನು. ಆ ಜಗಳ ಆಡಲೇಬೇಕು ಅನ್ನಿಸಿದರೆ ಪರೀಕ್ಷೆ ಮುಗಿಸಿಕೊಂಡು ಬಾ, ಆಡೋಣ.